ಡೇವ್‌ನಿಂದ ಐಜಿಐವರೆಗೆ ಆಡಲು ಯಾವ ಹಳೇ ಕಂಪ್ಯೂಟರ್ ಕಟ್ಟಬೇಕು?

ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದ ಡೇಂಜರಸ್ ಡೇವ್, ಪ್ರಿನ್ಸ್ ಆಫ್ ಪರ್ಷಿಯಾದಿಂದ ಹಿಡಿದು 2000ದ ಪ್ರಾಜೆಕ್ಟ್ ಐಜಿಐವರೆಗೆ ಒಂದೇ ಯಂತ್ರದಲ್ಲಿ ಆಡಬೇಕು, ಪ್ರೊಸೆಸರ್ ಯಾವುದು ಹಾಕಲಿ ಎಂದು ಎಲ್ಲರೂ ಕೇಳುತ್ತಾರೆ. ಪ್ರೊಸೆಸರ್ ಆಮೇಲೆ. ಮೊದಲು ಸೌಂಡ್ ಕಾರ್ಡ್ ಕೂರುವ ಸ್ಲಾಟ್ ನೋಡಿ.

ಡಾಸ್ ಆಟಗಳಿಗೂ ಸೌಂಡ್ ಕಾರ್ಡಿಗೂ ನಡುವೆ ವಿಂಡೋಸ್ ಡ್ರೈವರ್ ಇರುವುದಿಲ್ಲ. ವಿಳಾಸ 220, ಐಆರ್‌ಕ್ಯೂ (ಕಾರ್ಡು ಪ್ರೊಸೆಸರನ್ನು ಕರೆಯುವ ಗೆರೆ) 5, ಡಿಎಂಎ (ಪ್ರೊಸೆಸರಿನ ನೆರವಿಲ್ಲದೆ ಡೇಟಾ ಸಾಗುವ ದಾರಿ) 1 ಎಂದು ಆಟವೇ ನೇರವಾಗಿ ಕಾರ್ಡನ್ನು ತಟ್ಟುತ್ತದೆ. ಉತ್ತರ ಬರದಿದ್ದರೆ ಸದ್ದಿಲ್ಲ. ಆಮೇಲೆ ಬಂದ ಪಿಸಿಐ ಸ್ಲಾಟಿನ ಕಾರ್ಡಾದರೆ ಆ ನೇರ ಉತ್ತರವನ್ನು ಅನುಕರಿಸುವ ಒಂದು ಪ್ರೋಗ್ರಾಂ ಮೆಮೊರಿಯಲ್ಲಿ ಕೂರಬೇಕು, ಹಲವು ಆಟಗಳಿಗೆ ಅದು ಒಗ್ಗುವುದಿಲ್ಲ. ಹಾಗಾಗಿ ಹಳೇ ಬಗೆಯ ಐಎಸ್‌ಎ ಸ್ಲಾಟ್ ಬೇಕೇ ಬೇಕು. ಸೌಂಡ್ ಬ್ಲಾಸ್ಟರ್ 16 ಸಿಗದಿದ್ದರೆ ಯಮಹಾ 719 ಅಥವಾ ಇಎಸ್‌ಎಸ್ 1868 ಚಿಪ್ ಇರುವ ಕಾರ್ಡ್ ಧಾರಾಳವಾಗಿ ಸಾಕು. ಡೇವ್‌ನ ಸದ್ದು ಮಾತ್ರ ಕ್ಯಾಬಿನೆಟ್ಟಿನ ಪುಟ್ಟ ಸ್ಪೀಕರಿನಿಂದ ಬರುವುದು. ಅದರ ವೈರ್ ಸಿಕ್ಕಿಸುವುದನ್ನು ಮರೆಯಬೇಡಿ.

ಐಎಸ್‌ಎ ಜೊತೆಗೆ ಗ್ರಾಫಿಕ್ಸ್ ಕಾರ್ಡಿನ ಎಜಿಪಿ ಸ್ಲಾಟೂ ಇರುವ ಮದರ್‌ಬೋರ್ಡುಗಳಲ್ಲಿ 1998ರ ಇಂಟೆಲ್ 440ಬಿಎಕ್ಸ್ ಚಿಪ್‌ಸೆಟ್ಟಿನದೇ ನನ್ನ ಆಯ್ಕೆ. ಅದಕ್ಕೆ 500 ಮೆಗಾಹರ್ಟ್ಸ್ ಪೆಂಟಿಯಂ 3, ಜಿಫೋರ್ಸ್ 2 ಎಂಎಕ್ಸ್ ಗ್ರಾಫಿಕ್ಸ್ ಕಾರ್ಡ್, 256 ಎಂಬಿ ಎಸ್‌ಡಿರ್‍ಯಾಮ್. ರ್‍ಯಾಮ್ ಕೊಳ್ಳುವಾಗ ಚಿಪ್ ಎಣಿಸಿ: ಎರಡೂ ಬದಿ ಎಂಟೆಂಟು ಇರಬೇಕು. ಒಂದೇ ಬದಿ ಎಂಟು ಚಿಪ್ ಇರುವ 256 ಎಂಬಿ ಕಡ್ಡಿಯನ್ನು ಈ ಚಿಪ್‌ಸೆಟ್ 128 ಎಂದೇ ಓದುತ್ತದೆ. 512 ಎಂಬಿ ದಾಟಿಸಲೂ ಹೋಗಬೇಡಿ, ಇದಕ್ಕೆ ಹಾಕುವ ವಿಂಡೋಸ್ 98 ತಡವರಿಸುತ್ತದೆ.

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲೋ ಗುಜರಿಯಲ್ಲೋ ಬೋರ್ಡ್ ಕಂಡರೆ ಪ್ರೊಸೆಸರ್ ಸುತ್ತಲಿನ ಕೆಪಾಸಿಟರ್‌ಗಳ ತಲೆ ನೋಡಿ. ಉಬ್ಬಿದ್ದರೆ ಕರೆಂಟ್ ಕೊಡಬೇಡಿ. ಅಷ್ಟೇ ಮೈಕ್ರೋಫ್ಯಾರಡ್, ಅಷ್ಟೇ ಅಥವಾ ಹೆಚ್ಚು ವೋಲ್ಟಿನ, 105 ಡಿಗ್ರಿಯ, ಒಳರೋಧ ಕಡಿಮೆಯಿರುವ (ಲೋ-ಇಎಸ್‌ಆರ್) ಕೆಪಾಸಿಟರ್ ಬೆಸುಗೆ ಹಾಕಿಸಿ. ಎಸ್‌ಎಂಪಿಎಸ್ (ಯಂತ್ರಕ್ಕೆ ಕರೆಂಟ್ ಕೊಡುವ ಪೆಟ್ಟಿಗೆ) ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಇಂದಿನವು ಶಕ್ತಿಯನ್ನೆಲ್ಲ 12 ವೋಲ್ಟಿಗೆ ಇಟ್ಟಿರುತ್ತವೆ, ಈ ಬೋರ್ಡುಗಳು ಹೆಚ್ಚಾಗಿ 5 ವೋಲ್ಟಿನಿಂದ ಎಳೆಯುತ್ತವೆ. ಲೇಬಲ್ಲಿನಲ್ಲಿ 5 ವೋಲ್ಟಿನ ಮುಂದೆ 20 ಆಂಪಿಯರ್ ಇದ್ದರೆ ನಿಶ್ಚಿಂತೆ.

ಹಳೇ ಹಾರ್ಡ್‌ಡಿಸ್ಕ್ ನಂಬಬೇಡಿ. ಹಳೇ ಹಾರ್ಡ್‌ಡಿಸ್ಕಿನ ಐಡಿಇ ಕಿಂಡಿಗೆ ಸಿಕ್ಕಿಸುವ ಅಡಾಪ್ಟರಿಗೆ 16 ಜಿಬಿ ಕಾಂಪ್ಯಾಕ್ಟ್ ಫ್ಲ್ಯಾಷ್ ಕಾರ್ಡ್ ಹಾಕಿ. ಅಂದಿನ ಅನೇಕ ಬಯೋಸ್‌ಗಳು (ಯಂತ್ರವನ್ನು ಶುರುಮಾಡುವ, ಬೋರ್ಡಿನಲ್ಲೇ ಇರುವ ಪ್ರೋಗ್ರಾಂ) 32 ಜಿಬಿ ಮೀರಿದರೆ ಅಲ್ಲೇ ನಿಂತುಬಿಡುತ್ತವೆ. ಅಗ್ಗದ ಅಡಾಪ್ಟರ್‌ಗಳಲ್ಲಿ ಡಿಎಂಎ ಗೆರೆಗಳೇ ಇರುವುದಿಲ್ಲ, ಅಂಥದರಲ್ಲಿ ವಿಂಡೋಸ್‌ನಲ್ಲಿ ಡಿಎಂಎ ಟಿಕ್ ಮಾಡಿದ ಕೂಡಲೇ ಯಂತ್ರ ಸ್ತಬ್ಧ. ಸಿಡಿಯ ವಿನ್98 ಫೋಲ್ಡರನ್ನು ಸಿ ಡ್ರೈವಿಗೆ ನಕಲಿಸಿ ಅಲ್ಲಿಂದಲೇ ಸೆಟಪ್ ನಡೆಸಿ. ಆಮೇಲೆ ಪ್ರತಿ ಡ್ರೈವರಿಗೂ ಸಿಡಿ ಕೇಳುವ ಕಾಟವಿಲ್ಲ.

ಇಷ್ಟಾದರೂ ಕೆಲವು ಡಾಸ್ ಆಟಗಳು "ರನ್‌ಟೈಮ್ ಎರರ್ 200" ಎಂದು ಶುರುವಿನಲ್ಲೇ ಬೀಳುತ್ತವೆ. ಟರ್ಬೋ ಪ್ಯಾಸ್ಕಲ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಬರೆದ ಹಲವು ಆಟಗಳು ಆರಂಭದಲ್ಲಿ ಒಂದು ಭಾಗಾಕಾರ ಮಾಡಿ ಪ್ರೊಸೆಸರಿನ ವೇಗ ಅಳೆಯುತ್ತವೆ. ವೇಗ ಹೆಚ್ಚಾದಾಗ ಆ ಭಾಗಾಕಾರದ ಉತ್ತರ ಇಟ್ಟ ಜಾಗದಲ್ಲಿ ಹಿಡಿಸುವುದಿಲ್ಲ. ವಿಂಗ್ ಕಮಾಂಡರ್ ಥರದವು ಬೀಳುವುದಿಲ್ಲ, ಆಡಲಾಗದಷ್ಟು ವೇಗವಾಗಿ ಓಡುತ್ತವೆ. ಬಯೋಸ್‌ನಲ್ಲಿ ಇಂಟರ್ನಲ್ ಕ್ಯಾಷ್ (ಪ್ರೊಸೆಸರಿನೊಳಗಿನ ವೇಗದ ಮೆಮೊರಿ) ಆಫ್ ಮಾಡಿ ನೋಡಿ: ಪೆಂಟಿಯಂ 3 ಹೆಚ್ಚುಕಡಿಮೆ ಹಳೇ 386 ಪ್ರೊಸೆಸರಿನ ನಡಿಗೆಗೆ ಇಳಿಯುತ್ತದೆ. ಐಜಿಐಗೆ ಮರಳುವಾಗ ಮತ್ತೆ ಆನ್ ಮಾಡಿದರಾಯಿತು.