ಬಿದರಿ ಹೂಜಿಯ ಕೇಕ್

ರಾತ್ರಿ ಪಾತ್ರೆ ತೊಳೆದಿಟ್ಟ ಮೇಲೆ ನಾನು, ಅತ್ತೆ ಇಬ್ಬರೂ ಕೇಕ್ ಸ್ಪರ್ಧೆ ನೋಡಲು ಕೂರುತ್ತೇವೆ. ನಮ್ಮ ಅಚ್ಚುಮೆಚ್ಚಿನದು ಅಮೆರಿಕದ ಫುಡ್ ನೆಟ್‌ವರ್ಕ್ ಟಿವಿ ವಾಹಿನಿ 2011ರಲ್ಲಿ ಶುರುಮಾಡಿದ ‘ಹ್ಯಾಲೋವೀನ್ ವಾರ್ಸ್’. ಕೇಕ್ ಮಾಡುವವರು, ಸಕ್ಕರೆ ಕಲಾವಿದರು, ಕುಂಬಳಕಾಯಿ ಕೆತ್ತುವವರು ಒಂದೇ ತಂಡದಲ್ಲಿ! ಕೆತ್ತನೆ ಶುರುವಾದರೆ ಅತ್ತೆ ರೆಪ್ಪೆ ಮುಚ್ಚುವುದಿಲ್ಲ.

ಅದನ್ನು ನೋಡಿಯೇ ನಾದಿನಿಯ ಹುಟ್ಟುಹಬ್ಬಕ್ಕೆ ನಮ್ಮ ಬೀದರಿನ ಬಿದರಿ ಹೂಜಿಯನ್ನು ಕೇಕ್‌ನಲ್ಲಿ ಮಾಡಲು ಹೊರಟೆ. ಬಿದರಿಯ ಜೀವವೇ ಅದರ ಕಪ್ಪು. ಸತು, ತಾಮ್ರದ ಎರಕಕ್ಕೆ ಬೆಳ್ಳಿ ಕೂರಿಸಿ, ಕೋಟೆಯ ಮಣ್ಣು ಬೆರೆಸಿದ ದ್ರಾವಣದಲ್ಲಿ ಅದ್ದಿದರೆ ಎರಕ ಕಪ್ಪಾಗುತ್ತದೆ, ಬೆಳ್ಳಿ ಹೊಳೆಯುತ್ತಲೇ ಇರುತ್ತದೆ. ಫಾಂಡೆಂಟ್‌ಗೆ, ಅಂದರೆ ಕೇಕ್‌ಗೆ ಹೊದಿಸುವ ಸಕ್ಕರೆ ಕಣಕಕ್ಕೆ, ಆ ಕಪ್ಪು ಸುಲಭಕ್ಕೆ ಒಲಿಯುವುದಿಲ್ಲ. ಬಣ್ಣ ಹಾಕಿದಷ್ಟೂ ಬೂದುಬೂದಾಗಿಯೇ ಉಳಿಯಿತು, ಕೈಗೆಲ್ಲ ಅಂಟಿತು. ಕೊನೆಗೆ ಕೋಕೋ ಪುಡಿ ಹಾಕಿ ನಾದಿ ಮೊದಲು ಕಂದು ಮಾಡಿಕೊಂಡೆ, ಆಮೇಲೆ ಕಪ್ಪು ಬೆರೆಸಿ ರಾತ್ರಿಯಿಡೀ ಮುಚ್ಚಿಟ್ಟೆ. ಬೆಳಿಗ್ಗೆ ನೋಡಿದರೆ ಗಾಢ ಕಪ್ಪು! ಕುಣಿದಾಡುವಷ್ಟು ಖುಷಿಯಾಯಿತು.

ಬೆಳ್ಳಿಯ ವರಖ್ ಕತ್ತರಿಸಿ ಬಳ್ಳಿ ಅಂಟಿಸಿದವರು ಅತ್ತೆ. ಉಸಿರು ಬಿಗಿಹಿಡಿದು, ಫ್ಯಾನ್ ಆರಿಸಿ. ಮೇ ತಿಂಗಳ ಸೆಕೆಗೆ ಹೂಜಿಯ ಕತ್ತು ಮಧ್ಯಾಹ್ನದ ಹೊತ್ತಿಗೆ ವಾಲಿತು. ಮುಂದಿನ ಸಲ ಒಳಗೊಂದು ಕಡ್ಡಿ ನಿಲ್ಲಿಸುತ್ತೇನೆ.