ಯುಗಾದಿಯ ಹೊತ್ತಿಗೆ ಕವಲೇದುರ್ಗ: ಒಂದು ದಿನದ ಚಾರಣಕ್ಕೆ ಹೊರಡುವವರಿಗೆ

ಮಲೆನಾಡಿನ ಬೆಟ್ಟಗಳನ್ನು ಮಳೆ ನಿಂತ ಕೂಡಲೇ ನೋಡಬೇಕೆಂಬ ನಂಬಿಕೆ ನಮ್ಮ ಚಾರಣ ಬಳಗದಲ್ಲೂ ಇತ್ತು. ತೀರ್ಥಹಳ್ಳಿಯ ಬಳಿಯ ಬೆಟ್ಟದ ಕೋಟೆಯಾದ ಕವಲೇದುರ್ಗವನ್ನು ಯುಗಾದಿಗೆ ಮುಂಚಿನ ವಾರ ಹತ್ತಿ ಬಂದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ಮಳೆಗಾಲದಲ್ಲಿ ಪಾಚಿಗಟ್ಟಿ ಜಾರುವ ಹಾಸುಗಲ್ಲುಗಳು ಈಗ ಒಣಗಿರುತ್ತವೆ, ಇಂಬಳಗಳ ಕಾಟವಿರುವುದಿಲ್ಲ, ಹುಲ್ಲು ಬತ್ತಿರುವುದರಿಂದ ಹಳೆಯ ಕಟ್ಟಡಗಳ ಪಾಯಗಳು ಸ್ಪಷ್ಟವಾಗಿ ಕಾಣುತ್ತವೆ. ಕೋಟೆಯನ್ನು ಕೋಟೆಯಾಗಿ ನೋಡಬಯಸುವವರಿಗೆ ಇದೇ ತಕ್ಕ ಕಾಲ. ಆದರೆ ಈ ಕಾಲಕ್ಕೇ ಸೇರಿದ ಕೆಲವು ಎಚ್ಚರಿಕೆಗಳಿವೆ.

ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಸುಮಾರು 60 ಕಿ.ಮೀ., ಅಲ್ಲಿಂದ ದುರ್ಗಕ್ಕೆ ಇನ್ನು 18 ಕಿ.ಮೀ. ಆಗುತ್ತದೆ. ಬಸ್ಸನ್ನು ನೆಚ್ಚಿಕೊಂಡರೆ ಹೊತ್ತು ಕೈತಪ್ಪುವ ಸಂಭವವಿರುವುದರಿಂದ ಗುಂಪಾಗಿ ಹೋಗುವವರು ವಾಹನ ಗೊತ್ತುಮಾಡಿಕೊಳ್ಳುವುದು ಲೇಸು. ತೀರ್ಥಹಳ್ಳಿಯಲ್ಲಿಯೇ ತಿಂಡಿ ಮುಗಿಸಿ, ಬಿಸಿಲೇರುವ ಮುನ್ನ ಏರಲು ತೊಡಗಬೇಕು. ಗದ್ದೆಗಳ ಅಂಚಿನಿಂದ ಹೊರಡುವ ದಾರಿ ಕಾಡಿನ ನೆರಳನ್ನು ಹಿಡಿದು ಕಲ್ಲುಹಾಸಿನ ಏರಾಗುತ್ತದೆ. ಏರು ಕಡಿದಾದುದೇನಲ್ಲ, ಅಭ್ಯಾಸವಿಲ್ಲದ ಹಿರಿಯರೂ ನಿಧಾನವಾಗಿ ಹತ್ತಬಲ್ಲರು. ಆದರೆ ಕೋಟೆಯ ಒಳಗೆ ಬಯಲೇ ಹೆಚ್ಚು, ಮಧ್ಯಾಹ್ನದ ಹೊತ್ತಿಗೆ ಬಂಡೆ ಕಾದು ಕಾಲಿಡಲಾಗದಂತಾಗುತ್ತದೆ. ತಲೆಗೊಂದು ಟೋಪಿ, ಪ್ರತಿಯೊಬ್ಬರಿಗೂ ಕನಿಷ್ಠ ಎರಡು ಲೀಟರ್ ನೀರು ಬೇಕೇ ಬೇಕು. ಮೇಲಿನ ಕೊಳಗಳ ನೀರನ್ನು ಕುಡಿಯಬಾರದು. ನಾವು ಮುರುಗಲ ಹಣ್ಣಿನ ಪಾನಕ ಮತ್ತು ಮೊಸರನ್ನ ಕಟ್ಟಿಕೊಂಡು ಹೋಗಿದ್ದೆವು, ಬಿಸಿಲಿಗೆ ಅದಕ್ಕಿಂತ ಹಿತವಾದುದು ಬೇರೆ ಇರಲಿಲ್ಲ.

ಮೂರು ಸುತ್ತಿನ ಈ ಕೋಟೆಗೆ ಭುವನಗಿರಿದುರ್ಗವೆಂಬ ಹೆಸರೂ ಇದೆ. ಕೆಳದಿಯ ಅರಸ ವೆಂಕಟಪ್ಪ ನಾಯಕನ ಕಾಲದಲ್ಲಿ ಇದು ಅರಮನೆ, ಮಠ, ಕಣಜಗಳಿಂದ ಕೂಡಿದ ನೆಲೆಯಾಯಿತು. ಒಂದೊಂದು ಬಾಗಿಲನ್ನು ದಾಟುವಾಗಲೂ ಒಳಬದಿಯ ಕಾವಲುಗಾರರ ಕೋಣೆಗಳನ್ನು ಗಮನಿಸಿ ಮುಂದೆ ನಡೆಯಬೇಕು. ತುದಿ ಮುಟ್ಟುವ ಆತುರದಲ್ಲಿ ಇವನ್ನು ದಾಟಿಹೋದವರು ದುರ್ಗದ ಅರ್ಧವನ್ನು ಕಳೆದುಕೊಂಡಂತೆ. ಕಾಶಿ ವಿಶ್ವನಾಥ ದೇವಾಲಯದ ಮುಂದಿನ ಎರಡು ಎತ್ತರದ ಕಂಬಗಳ ಬಳಿಯೂ, ಮಾಡು ಬಿದ್ದುಹೋದ ಅರಮನೆಯ ನೆಲಗಟ್ಟಿನ ಮೇಲೂ ನಾವು ಬಹಳ ಹೊತ್ತು ಕಳೆದೆವು. ಅಡುಗೆಮನೆಯ ಕಲ್ಲಿನ ಒಲೆಯನ್ನೂ ನೀರು ಹರಿದುಹೋಗುವ ಏರ್ಪಾಡನ್ನೂ ಕಂಡಾಗ, 1763ರಲ್ಲಿ ಹೈದರಾಲಿ ರಾಜಧಾನಿ ಬಿದನೂರನ್ನು ಹಿಡಿಯುವುದರೊಂದಿಗೆ ಕೊನೆಗೊಂಡ ಕೆಳದಿ ರಾಜ್ಯದ ಮನೆವಾರ್ತೆ ಎಷ್ಟು ಅಚ್ಚುಕಟ್ಟಾಗಿತ್ತೆಂಬುದು ಮನಸ್ಸಿಗೆ ನಾಟುತ್ತದೆ. ಈ ಪಾಯಗಳ ಕಲ್ಲುಗಳನ್ನು ಕದಲಿಸುವುದು, ಗೋಡೆಗಳ ಮೇಲೇರಿ ಚಿತ್ರ ತೆಗೆಸಿಕೊಳ್ಳುವುದು ಯಾರಿಗೂ ಸಲ್ಲದು. ತುದಿಯ ಗುಡಿಯ ಬಳಿಯಿಂದ ವಾರಾಹಿಯ ಹಿನ್ನೀರು ಕಾಣುತ್ತದೆ, ಬೇಸಿಗೆಯ ಮಬ್ಬು ಕವಿಯುವ ಮೊದಲೇ ಅಲ್ಲಿಗೆ ತಲುಪಿದರೆ ನೋಟ ದೂರದವರೆಗೂ ನಿಚ್ಚಳವಾಗಿರುತ್ತದೆ.

ಒಣಹುಲ್ಲಿನ ನಡುವೆ ಒಂದು ಕಿಡಿಯೂ ಗುಡ್ಡವನ್ನೇ ಸುಡಬಹುದಾದ್ದರಿಂದ ಬೀಡಿ ಸಿಗರೇಟು, ಒಲೆ ಹಚ್ಚುವುದು ಯಾವುದೂ ಕೂಡದು. ಮಲೆನಾಡಿನ ಬೇರೆ ಬೆಟ್ಟಗಳಿಗೂ ಹೋಗುವ ಆಲೋಚನೆಯಿದ್ದರೆ, ಕಾಳ್ಗಿಚ್ಚಿನ ಭಯದಿಂದ ಅರಣ್ಯ ಇಲಾಖೆ ಬೇಸಿಗೆಯಲ್ಲಿ ಚಾರಣದ ದಾರಿಗಳನ್ನು ಮುಚ್ಚುವುದುಂಟಾದ್ದರಿಂದ ಮೊದಲೇ ವಿಚಾರಿಸಬೇಕು.

ಎಲ್ಲಕ್ಕಿಂತ ಮುಖ್ಯವಾದುದು ಉಣುಗಿನ ವಿಷಯ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲಾದ ಮಂಗನ ಕಾಯಿಲೆ ಉಣುಗು ಕಚ್ಚುವುದರಿಂದ ಹರಡುತ್ತದೆ, ಮತ್ತು ಅದರ ಕಾಲ ಡಿಸೆಂಬರಿನಿಂದ ಮೇ ತಿಂಗಳವರೆಗೆ, ಅಂದರೆ ಸರಿಯಾಗಿ ನಾವು ನಡೆಯುವ ದಿನಗಳೇ. ಎಳೆಯ ಉಣುಗು ಕಣ್ಣಿಗೆ ಸುಲಭವಾಗಿ ಕಾಣದಷ್ಟು ಸಣ್ಣದಾಗಿರುತ್ತದೆ. ತುಂಬುತೋಳಿನ ಅಂಗಿ ತೊಟ್ಟು, ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ಸೇರಿಸಿ, ಕೈಕಾಲುಗಳಿಗೆ ಕೀಟ ನಿವಾರಕ ಎಣ್ಣೆಯನ್ನು ಸವರಿಕೊಂಡು ಹೊರಡಬೇಕು. ತರಗೆಲೆಗಳ ಮೇಲೆ ಕೂರಬಾರದು, ದಾರಿ ಬಿಟ್ಟು ಪೊದೆ ನುಗ್ಗಬಾರದು. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಬೇಕು. ಹೊರಡುವ ಮುನ್ನ ಆ ಭಾಗದಲ್ಲಿ ಕಾಯಿಲೆ ಕಾಣಿಸಿಕೊಂಡಿದೆಯೇ ಎಂದು ಕೇಳಿ, ಹಾಗಿದ್ದರೆ ಪ್ರವಾಸವನ್ನು ಮುಂದೂಡುವುದೇ ಸರಿ.

ಮನೆಗೆ ಮರಳಿದ ದಿನವೇ ಬಿಸಿನೀರಿನಲ್ಲಿ ಸೋಪು ಹಚ್ಚಿ ಸ್ನಾನ ಮಾಡಿ, ತೊಟ್ಟಿದ್ದ ಬಟ್ಟೆಗಳನ್ನೂ ಬಿಸಿನೀರಿನಲ್ಲಿಯೇ ಒಗೆಯಬೇಕು. ಮುಂದಿನ ಒಂದೆರಡು ವಾರಗಳೊಳಗೆ ಹಠಾತ್ತನೆ ಜ್ವರ, ತಲೆನೋವು, ಮೈಕೈನೋವು ಬಂದರೆ ಮನೆಮದ್ದಿನಲ್ಲಿ ಕಾಲ ಕಳೆಯದೆ ವೈದ್ಯರ ಬಳಿ ಹೋಗಿ, ಮಲೆನಾಡಿನ ಕಾಡಿನಲ್ಲಿ ನಡೆದು ಬಂದಿರುವುದನ್ನು ಮೊದಲು ಹೇಳಬೇಕು.