ಮೊದಲು ದೀಪ ಎಣಿಸಿ, ಆಮೇಲೆ ಸ್ಟಾರ್ ಫಿಲ್ಟರ್ ಹಾಕಿ

ಮೈಸೂರಿನ ಒಂದು ಛತ್ರದಲ್ಲಿ ಆರತಕ್ಷತೆ. ಮದುವೆ ವಿಡಿಯೋ ಕೆಲಸಕ್ಕೆ ಬಂದು ನನಗಾಗ ಎರಡೇ ವರ್ಷ. ಹೊಸದಾಗಿ ಒಂದು ಸ್ಟಾರ್ ಫಿಲ್ಟರ್ ಕೊಂಡಿದ್ದೆ. ಲೆನ್ಸಿಗೆ ಹಾಕಿದರೆ ಸಾಕು, ಪ್ರತಿ ದೀಪವೂ ನಾಲ್ಕು ಕಡೆ ಕಿರಣ ಚಾಚಿದ ನಕ್ಷತ್ರ ಆಗುತ್ತದೆ. ಕ್ಯಾಮೆರಾದ ಪುಟ್ಟ ಪರದೆಯಲ್ಲಿ ಎಷ್ಟು ಚೆಂದ ಕಾಣುತ್ತಿತ್ತು ಅಂದರೆ, ಸಂಜೆ ಏಳರಿಂದ ಹತ್ತರವರೆಗೂ ಅದನ್ನು ತೆಗೆಯಲೇ ಇಲ್ಲ.

ಹತ್ತು ದಿನ ಬಿಟ್ಟು ಹುಡುಗಿಯ ತಾಯಿ ಎಡಿಟಿಂಗ್ ನೋಡಲು ಬಂದರು. ಆರತಕ್ಷತೆಗೆ ಅವರ ಅಮ್ಮ ಊರಿಂದ ಬಂದಿದ್ದರು. ಆ ಅಜ್ಜಿ ಸ್ಟೇಜ್ ಹತ್ತಿ, ಇಬ್ಬರ ತಲೆ ಮುಟ್ಟಿ ಹರಸಿ, ಇಳಿದು ಹೋದದ್ದು ಒಂದೇ ನಿಮಿಷದಲ್ಲಿ. ಅವರ ತಲೆಯ ಹಿಂದೆ, ಸ್ವಲ್ಪ ಮೇಲೆ, ಒಂದು ಪಾರ್ ಲೈಟ್ (ಸ್ಟೇಜಿಗೆ ಬಣ್ಣದ ಬೆಳಕು ಬಿಡುವ ದೀಪ) ಇತ್ತು. ಅದರ ನೇರಳೆ ಕಿರಣ ಹಣೆಯಿಂದ ಗಲ್ಲದವರೆಗೆ ಗೀಟು ಎಳೆದಂತೆ ಇಳಿದಿತ್ತು. ಉಳಿದ ಮುಖ ಮಂಜು ಮಂಜು.

“ನಮ್ಮ ಅಮ್ಮನ ಮುಖ ಎಲ್ಲಿ ಸರ್ ಇದ್ರಲ್ಲಿ?” ಅಂತ ಕೇಳಿದರು. ಬೈಯಲಿಲ್ಲ. ಸುಮ್ನೆ ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಬಣ್ಣ ತಪ್ಪಿದ್ದರೆ ಎಡಿಟಿಂಗ್‌ನಲ್ಲಿ ಸರಿ ಮಾಡಬಹುದು. ಮುಖದ ಮೇಲೆ ಬಿದ್ದ ಕಿರಣವನ್ನು ಒರೆಸಲು ಬರುವುದಿಲ್ಲ. ನಕ್ಷತ್ರವನ್ನು ಆಮೇಲೆ ಸಾಫ್ಟ್‌ವೇರ್‌ನಲ್ಲಿ ಸೇರಿಸಬಹುದು, ಹಿಂದಿದ್ದ ಮುಖವನ್ನು ವಾಪಸ್ ತರಲು ಆಗಲ್ಲ.

ಈ ಫಿಲ್ಟರ್ ಏನು ಮಾಡುತ್ತದೆ ಅಂತ ನಾನು ಸರಿಯಾಗಿ ತಿಳಿದುಕೊಂಡಿದ್ದೇ ಅದಾದ ಮೇಲೆ. ಮನೆಯಲ್ಲೇ ನೋಡಬಹುದು. ರಾತ್ರಿ ತೆಳು ಪಂಚೆಯನ್ನೋ ಸೀರೆ ಸೆರಗನ್ನೋ ಕಣ್ಣಿಗೆ ಅಡ್ಡ ಹಿಡಿದು ದೂರದ ಬೀದಿದೀಪ ನೋಡಿ. ದೀಪದ ಸುತ್ತ ಪ್ಲಸ್ ಆಕಾರದ ಬೆಳಕು ಕಾಣುತ್ತದೆ. ಬಟ್ಟೆಯ ಹಾಸು ಹೊಕ್ಕಿನ ಸಂದಿಯಲ್ಲಿ ಬೆಳಕು ಬಾಗಿ ಹರಡುತ್ತದೆ. ಸ್ಟಾರ್ ಫಿಲ್ಟರ್ ಗಾಜಿನಲ್ಲಿ ನೂಲಿನ ಬದಲು ಸಣ್ಣ ಗೆರೆ ಕೊರೆದಿರುತ್ತಾರೆ. ಒಂದೊಂದು ಗೆರೆಯೂ ತನಗೆ ಅಡ್ಡಲಾಗಿ, ಎರಡು ಕಡೆಗೂ ಬೆಳಕು ಚೆಲ್ಲುತ್ತದೆ. ಎರಡು ದಿಕ್ಕಿನ ಗೆರೆ ಇದ್ದರೆ ನಾಲ್ಕು ಕಿರಣ, ಮೂರಿದ್ದರೆ ಆರು, ನಾಲ್ಕಿದ್ದರೆ ಎಂಟು. ಗೆರೆಗಳು ಒತ್ತೊತ್ತಾಗಿದ್ದಷ್ಟೂ ಕಿರಣ ಜೋರು, ಚಿತ್ರದ ಮಂಜೂ ಜಾಸ್ತಿ. ನಾನು ಅಂದು ಹಾಕಿದ್ದು ಒತ್ತು ಗೆರೆಯದ್ದು. ಮದುವೆಗೆ ಅದು ಬೇಡ. ಗೆರೆಗಳ ನಡುವೆ 4 ಮಿಲಿಮೀಟರ್ ಜಾಗ ಇರುವುದು ಸಾಕು.

ಆದರೆ ಅಂಥ ಫಿಲ್ಟರಿಗೆ ಸರಿಯಾದ ಲೆನ್ಸ್ ಬೇಕು. 85 ಎಂಎಂ ಲೆನ್ಸನ್ನು ಎಫ್ 2ರಲ್ಲಿ ಇಟ್ಟರೆ ಬೆಳಕು ಒಳಗೆ ಬರುವ ಕಿಂಡಿ ಸುಮಾರು 42 ಮಿಲಿಮೀಟರ್ ಅಗಲ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು). ಹತ್ತಾರು ಗೆರೆ ಅದರ ಎದುರಿಗೆ ಬರುತ್ತವೆ. ಅದೇ ಫಿಲ್ಟರನ್ನು 24 ಎಂಎಂ ಲೆನ್ಸಿಗೆ ಹಾಕಿ ಎಫ್ 11 ಇಟ್ಟರೆ ಕಿಂಡಿ 2 ಮಿಲಿಮೀಟರ್ ಚಿಲ್ಲರೆ. ಒಂದು ದೀಪಕ್ಕೆ ಗೆರೆ ಸಿಕ್ಕಿ ನಕ್ಷತ್ರ ಬರುತ್ತದೆ, ಪಕ್ಕದ್ದಕ್ಕೆ ಬರುವುದೇ ಇಲ್ಲ. ಫಿಲ್ಟರ್ ಕೆಟ್ಟಿದೆ ಅಂತ ಎಷ್ಟೋ ಜನ ಬೈಯುವುದು ಇದಕ್ಕೇ.

ನಿಜವಾದ ಪಾಠ ಕಲಿಸಿದ್ದು ಮೈಸೂರು ಅರಮನೆ. ಭಾನುವಾರ ಸಂಜೆ ದೀಪ ಹಾಕ್ತಾರಲ್ಲ, ಹತ್ತಿರ ಹತ್ತಿರ 1 ಲಕ್ಷ ಬಲ್ಬು. ಸ್ಟಾರ್ ಫಿಲ್ಟರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ ಅಂದುಕೊಂಡು ಹೋದೆ. ದೀಪ ಹತ್ತಿದ ಕ್ಷಣ ಎದೆ ಝಲ್ ಅಂದಿತು. ಆದರೆ ಪರದೆಯಲ್ಲಿ ಅರಮನೆ ಇರಲಿಲ್ಲ. ಸಾಲು ಬಲ್ಬುಗಳ ಕಿರಣಗಳು ಒಂದರ ಮೇಲೊಂದು ಬಿದ್ದು ಕಮಾನು, ಗುಮ್ಮಟ ಎಲ್ಲ ಹಳದಿ ಹೊಗೆಯಲ್ಲಿ ಮುಳುಗಿದ್ದವು. ಫಿಲ್ಟರ್ ತೆಗೆದೆ. ಪ್ರತಿ ಕಮಾನಿನ ಅಂಚೂ ಚುಕ್ಕಿ ಇಟ್ಟ ರಂಗೋಲಿಯ ಹಾಗೆ ಎದ್ದು ಬಂತು. ನಕ್ಷತ್ರಕ್ಕೆ ಸುತ್ತ ಕತ್ತಲು ಬೇಕು, ಅಲ್ವಾ? ಅದು ನನಗೆ ಹೊಳೆದದ್ದು ಅಲ್ಲಿ.

ಇನ್ನೊಂದು ಸಂಜೆ ಹೊರಗಿನಿಂದ ಟ್ರೈಪಾಡ್ ಇಟ್ಟು, ಫಿಲ್ಟರ್ ಇಲ್ಲದೆ, ಎಫ್ 16ರಲ್ಲಿ ಕೆಲವು ಸೆಕೆಂಡ್ ತೆರೆದು ಒಂದು ಫೋಟೋ ತೆಗೆದೆ. ಮುಂದಿದ್ದ ಬೀದಿದೀಪಗಳು ತಾವಾಗಿಯೇ ನಕ್ಷತ್ರ ಆದವು. ಅದು ಲೆನ್ಸಿನೊಳಗೆ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಎಲೆಗಳ ಕೆಲಸ. ಎಂಟು ಎಲೆ ಇದ್ದರೆ ಎಂಟು ಕಿರಣ. ಎಲೆಗಳ ಸಂಖ್ಯೆ ಬೆಸ ಆದರೆ ದುಪ್ಪಟ್ಟು, ಅಂದರೆ ಏಳಕ್ಕೆ ಹದಿನಾಲ್ಕು. ಫೋಟೋ ತೆಗೆಯುವವರಿಗೆ ನಾನು ಹೇಳುವುದು ಇದನ್ನೇ: ಟ್ರೈಪಾಡ್ ಇದ್ದರೆ ಫಿಲ್ಟರ್ ಬೇಕಿಲ್ಲ. ವಿಡಿಯೋದವರಿಗೆ ಆ ದಾರಿ ಇಲ್ಲ. ಸೆಕೆಂಡಿಗೆ 25 ಫ್ರೇಮ್ ತೆಗೆಯುವಾಗ ಶಟರ್ ಪ್ರತಿ ಫ್ರೇಮಿಗೆ ಸೆಕೆಂಡಿನ 1/50 ಭಾಗ ಮಾತ್ರ ತೆರೆದಿರಬೇಕು. ಛತ್ರದ ಬೆಳಕಿನಲ್ಲಿ ಎಫ್ 16 ಇಟ್ಟರೆ ಕತ್ತಲು, ಐಎಸ್ಓ (ಕ್ಯಾಮೆರಾ ಬೆಳಕು ಹಿಡಿಯುವ ಶಕ್ತಿ) ಏರಿಸಿದರೆ ಚಿತ್ರದ ತುಂಬ ಕಾಳು ಕಾಳು. ಕ್ಯಾಮೆರಾದಲ್ಲೇ ನಕ್ಷತ್ರ ಬೇಕಾದರೆ ನಮಗೆ ಫಿಲ್ಟರೇ ಗತಿ.

ಹಾಗಾಗಿ ಈಗ ದೀಪ ಎಣಿಸುತ್ತೇನೆ. ಫ್ರೇಮಿನಲ್ಲಿ ಪ್ರಖರ ಚುಕ್ಕಿಗಳು ಐದಾರಕ್ಕಿಂತ ಜಾಸ್ತಿ ಇದ್ದರೆ ಫಿಲ್ಟರ್ ಬ್ಯಾಗಿನಲ್ಲೇ ಇರುತ್ತದೆ. ಟ್ಯೂಬ್‌ಲೈಟ್ ಇದ್ದರೂ ಹಾಕಲ್ಲ, ನಕ್ಷತ್ರದ ಬದಲು ಪಟ್ಟಿ ಬರುತ್ತದೆ. ದೀಪಾಲೆ ಕಂಬವನ್ನು ಹತ್ತಿರದಿಂದ ತೆಗೆದರೆ ಜ್ವಾಲೆ ದೊಡ್ಡದಾಗಿ ಕಿರಣ ಕಲಸಿಹೋಗುತ್ತದೆ, ಇಪ್ಪತ್ತು ಅಡಿ ಹಿಂದೆ ಸರಿದರೆ ಚೂಪಾಗುತ್ತದೆ. ಮಿಣುಕಿನ ಕೆಲಸ ಮಾಡಿದ ಸೀರೆ ಇದ್ದರೆ ಮೈತುಂಬ ನಕ್ಷತ್ರ, ಹುಡುಗಿ ಕಾಣುವುದೇ ಇಲ್ಲ.

ನನಗೆ ತುಂಬಾ ಇಷ್ಟವಾದ ಒಂದು ಶಾಟ್ ಇದೆ. ಏಳು ಕಲ್ಲಿನ ವಜ್ರದ ಬೆಂಡೋಲೆ ಹಾಕಿದ್ದ ಒಬ್ಬ ಅಜ್ಜಿ ಮುಹೂರ್ತದ ದಿನ ಕಿಟಕಿ ಹತ್ತಿರ ಕೂತಿದ್ದರು. ಮೊದಲು ಬರೀ ಲೆನ್ಸಿನಲ್ಲಿ ಅವರ ಮುಖ ಪೂರ್ತಿ ತೆಗೆದುಕೊಂಡೆ. ಆಮೇಲೆ ಫಿಲ್ಟರ್ ಹಾಕಿ, ಕ್ಯಾಮೆರಾ ಅಲುಗಿಸದೆ ಕಾದೆ. ಯಾರೋ ಕರೆದರು, ಅಜ್ಜಿ ತಲೆ ತಿರುಗಿಸಿದರು. ಕಲ್ಲು ಬೆಳಕು ಹಿಡಿದು ಅರ್ಧ ಸೆಕೆಂಡ್ ಒಂದು ನಕ್ಷತ್ರ ಮೂಡಿ ಹೋಯಿತು. ಮೂರು ಗಂಟೆಯ ವಿಡಿಯೋದಲ್ಲಿ ಆ ಫಿಲ್ಟರ್ ಕಂಡದ್ದು ಅಷ್ಟೇ ಹೊತ್ತು.

ಫಿಲ್ಟರ್ ಕೊಳ್ಳುವವರು 82 ಎಂಎಂ ವ್ಯಾಸದ್ದು ಒಂದೇ ಕೊಂಡು ಚಿಕ್ಕ ಲೆನ್ಸುಗಳಿಗೆ ಸ್ಟೆಪ್ ಅಪ್ ರಿಂಗ್ (ದೊಡ್ಡ ಫಿಲ್ಟರನ್ನು ಚಿಕ್ಕ ಲೆನ್ಸಿಗೆ ಕೂರಿಸುವ ಬಳೆ) ಹಾಕಿ. ಲೆನ್ಸ್ ಕಾಪಾಡಲು ಹಾಕಿರುವ ಯುವಿ ಫಿಲ್ಟರ್ ತೆಗೆದೇ ಇದನ್ನು ಹಾಕಿ, ಇಲ್ಲದಿದ್ದರೆ ಗಾಜುಗಳ ನಡುವೆ ದೀಪ ಪ್ರತಿಫಲಿಸಿ ಬೇಡದ ಬೆಳಕಿನ ಚುಕ್ಕಿಗಳು ಬರುತ್ತವೆ. ರೆಕಾರ್ಡ್ ಒತ್ತುವ ಮೊದಲೇ ಫಿಲ್ಟರಿನ ಮುಂಭಾಗದ ರಿಂಗ್ ತಿರುಗಿಸಿ, ಕಿರಣ ಮುಖಕ್ಕೆ ಅಡ್ಡ ಬರದ ಹಾಗೆ ನೋಡಿಕೊಳ್ಳಿ. ಶಾಟ್ ನಡುವೆ ತಿರುಗಿಸಿದರೆ ನಕ್ಷತ್ರಗಳೆಲ್ಲ ಗಿರಗಿರ ಸುತ್ತುತ್ತವೆ. ಛತ್ರದಲ್ಲಿ ಅರಿಶಿನ, ಕುಂಕುಮ, ಎಣ್ಣೆಕೈ ಇದ್ದದ್ದೇ. ಗೆರೆಯೊಳಗೆ ಕೂತ ಜಿಡ್ಡು ತನ್ನದೇ ಒಂದು ಕಿರಣ ಎಳೆಯುತ್ತದೆ, ಹಾಗಾಗಿ ಪ್ರತಿ ಮದುವೆ ಮುಗಿದ ರಾತ್ರಿ ಬ್ಲೋವರ್‌ನಿಂದ ಊದಿ, ಒರೆಸಿ, ಡಬ್ಬಿಗೆ ಹಾಕಿಯೇ ಮಲಗುತ್ತೇನೆ.